ಬಾಣಂತಿಗೆ ಸೂತಕವಿಲ್ಲ, ವಿಶ್ರಾಂತಿಯುಂಟು

ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿಗಳೆಂಬ ಪಂಚಸೂತಕಗಳು ಲಿಂಗವಂತರಿಗಿಲ್ಲವೆಂಬುದು ಶರಣರ ನಿರ್ಣಯವು. ಇಷ್ಟಲಿಂಗವು ಅಂಗದ ಮೇಲಿರುವಲ್ಲಿ ಅಶೌಚಕ್ಕೆ ಎಡೆಯೆಲ್ಲಿಯದು? ಆದುದರಿಂದ ಬಾಣಂತಿಯು ಹೆತ್ತ ದಿನವೂ ಲಿಂಗಪೂಜೆಗೆ ಅರ್ಹಳು.

ಆದರೆ ಸೂತಕವಿಲ್ಲವೆಂಬ ನೆವದಿಂದ ಆಕೆಯನ್ನು ಮೂರನೆಯ ದಿನವೇ ಒಲೆಗೂ ಹೊಲಕ್ಕೂ ಅಟ್ಟುವುದು ಧರ್ಮವಲ್ಲ. ಮೈಲಿಗೆ ಬೇರೆ, ಬಳಲಿಕೆ ಬೇರೆ. ಹೆತ್ತೊಡಲು ಚೇತರಿಸಿಕೊಳ್ಳಲು 6 ವಾರಗಳಾದರೂ ಬೇಕೆಂದು ವೈದ್ಯರು ಹೇಳುವರು. ಬಾಯಾರಿದ ಬಾಣಂತಿಗೆ ನೀರನ್ನು ತಡೆಯಲಾಗದು. ಶಿಶುವಿಗೆ ಮೊದಲ ಗಂಟೆಯೊಳಗೆ ತಾಯಿಯ ಹಳದಿ ಹಾಲನ್ನೇ ಉಣಿಸತಕ್ಕದ್ದು. 6 ತಿಂಗಳವರೆಗೆ ಎದೆಹಾಲೇ ಸಾಕು, ಜೇನು ಸಲ್ಲದು. ಅತಿ ರಕ್ತಸ್ರಾವ, ಜ್ವರ, ಎಡೆಬಿಡದ ಮನೋವ್ಯಥೆ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಇರುಳಿನಲ್ಲಿ ಕೂಸನ್ನು ಎತ್ತಿಕೊಳ್ಳುವ ಪತಿಯೂ, ಬಿಸಿಯನ್ನವಿಕ್ಕುವ ಅತ್ತೆಯೂ ಮಾಡುವುದು ದಾಸೋಹವೇ. ಕೂಸಿಗೆ ಲಿಂಗಧಾರಣೆ ಮಾಡಿಸಿದ ಮನೆಯು ತಾಯಿಯ ಸೇವೆಯನ್ನು ಮರೆತರೆ ಆ ಸಂಸ್ಕಾರವು ಪೂರ್ಣವಾಗದು.