ಇಡುವ ಕೋಣೆ, ಇರುವ ಕೋಣೆ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಹಳೆಯ ವಾಡೆಗಳಲ್ಲಿ ನೆಲಮಾಳಿಗೆ ಇರುವುದುಂಟು. ಕಾಳುಕಡಿ, ಬೆಲ್ಲ, ಎಣ್ಣೆಯ ಡಬ್ಬಿ, ತಾಮ್ರದ ಹಂಡೆ ಎಲ್ಲವೂ ಅಲ್ಲಿ ಸೇರುತ್ತಿದ್ದವು. ಈಗ ಕಾಳು ಬಹಳ ಕಡೆ ಕಣದಿಂದ ನೇರವಾಗಿ ಪೇಟೆಗೆ ಹೋಗುತ್ತದೆ. ನೆಲಮಾಳಿಗೆ ಬರಿದಾಗಿದೆ, ಮನೆಯಲ್ಲಿ ಮಂದಿ ಹೆಚ್ಚಿದ್ದಾರೆ. ಅಣ್ಣತಮ್ಮಂದಿರು ಪಾಲಾದಾಗ, ಮಗನ ಮದುವೆ ಗೊತ್ತಾದಾಗ, ಕೆಳಗಿನದನ್ನು ಸ್ವಚ್ಛ ಮಾಡಿ ಮಲಗುವ ಕೋಣೆ ಮಾಡೋಣ ಎಂಬ ಮಾತು ಬರುತ್ತದೆ. ಇದ್ದುದನ್ನು ಹಾಳುಗೆಡವದೆ ಬಳಸುವುದು ಒಳ್ಳೆಯ ಸಂಸಾರಿಯ ಲಕ್ಷಣವೇ ಸರಿ. ಆದರೆ ಇದರೊಳಗೆ ಒಂದು ಧರ್ಮದ ಪ್ರಶ್ನೆ ಅಡಗಿದೆ. ಆ ಕೋಣೆಗೆ ನಾವು ಯಾರನ್ನು ಕಳಿಸುತ್ತೇವೆ?

ವಸ್ತುವಿಗೆ ಹಿತವಾದುದೆಲ್ಲ ಮನುಷ್ಯನಿಗೆ ಹಿತವಲ್ಲ. ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗೆ ಗಾಳಿಯಾಡದ ಕಾರಣದಿಂದಲೇ ಹುಳ ಸಾಯುತ್ತಿತ್ತು, ಕಾಳು ಉಳಿಯುತ್ತಿತ್ತು. ಅದೇ ಹಗೇವನ್ನು ತೆರೆದ ಕೂಡಲೇ ತಿಳಿದವರು ಒಳಗೆ ಇಳಿಯುತ್ತಿರಲಿಲ್ಲ. ಉಸಿರುಗಟ್ಟಿ ಪ್ರಾಣ ಹೋದೀತೆಂದು ಬಹಳ ಹೊತ್ತು ಕಾಯುತ್ತಿದ್ದರು. ಕತ್ತಲು, ತಂಪು, ಮುಚ್ಚಿದ ಗಾಳಿ ಇವು ಉಗ್ರಾಣಕ್ಕೆ ಗುಣ, ಮಲಗುವವನಿಗೆ ದೋಷ.

ಆದ್ದರಿಂದ ಬಣ್ಣ ಬಳಿದು ಮಂಚ ಹಾಕಿದ ಮಾತ್ರಕ್ಕೆ ಅದು ಮಲಗುವ ಕೋಣೆಯಾಗದು. ರಾಷ್ಟ್ರೀಯ ಕಟ್ಟಡ ಸಂಹಿತೆಯು ಜನ ವಾಸಿಸುವ ಕೋಣೆಗೆ 2.75 ಮೀಟರ್, ಅಂದರೆ ಸುಮಾರು 9 ಅಡಿ ಎತ್ತರ ಹೇಳುತ್ತದೆ. ಒಣ ಸೆಕೆಯ ನಾಡಿನಲ್ಲಿ ನೆಲದ ಹತ್ತರಲ್ಲೊಂದು ಪಾಲಿನಷ್ಟಾದರೂ ಕಿಟಕಿ ಇರಬೇಕೆನ್ನುತ್ತದೆ. ಗೋಡೆ ಹಸಿಯಾಗಿದ್ದರೆ ಮೊದಲು ಹೊರಗಿನ ನೀರು ಬೇರೆ ಕಡೆ ಹರಿಯುವಂತೆ ಮಾಡಬೇಕು. ಹಸಿ ಕಲ್ಲಿನ ಮೇಲೆ ಸಿಮೆಂಟು ಮೆತ್ತಿದರೆ ತೇವ ಒಳಗೇ ನಿಂತು ಕಾಲಕ್ರಮೇಣ ಗಿಲಾವು ಕಳಚುತ್ತದೆ; ಸುಣ್ಣದ ಗಿಲಾವಿಗೆ ತೇವ ಆರುವ ದಾರಿಯಿರುತ್ತದೆ. ಕಿಟಕಿಗೆಂದು ಹಳೆಯ ಗೋಡೆಯನ್ನು ಕಂಡಲ್ಲಿ ಒಡೆಯಲೂ ಬಾರದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವಾದಾಗ ಕಲ್ಲುಮಣ್ಣಿನ ದಪ್ಪ ಗೋಡೆಗಳು ಮಲಗಿದ್ದವರ ಮೇಲೆಯೇ ಬಿದ್ದವು. ಮೇಲಿನ ಭಾರ ತಿಳಿದ ಎಂಜಿನಿಯರರನ್ನು ಕೇಳಿಯೇ ಗೌಂಡಿಯ ಕೈಗೆ ಹಾರೆ ಕೊಡಬೇಕು.

ಇಷ್ಟು ಖರ್ಚು ಏಕೆ ಎನ್ನುವವರಿದ್ದಾರೆ. ಮಗ ಸೊಸೆ ಅಲ್ಲಿ ಮಲಗುವುದಾದರೆ ಯಾರೂ ಹೀಗೆ ಕೇಳುವುದಿಲ್ಲ. ಮುದಿ ತಂದೆತಾಯಿ ಅಥವಾ ಸಂಬಳದ ಆಳು ಮಲಗುವುದಾದರೆ ಕೇಳುತ್ತಾರೆ. ನಮ್ಮ ಭಾಷೆಯೇ ಇದನ್ನು ಬಯಲು ಮಾಡುತ್ತದೆ. ಚೀಲವನ್ನು ಇಡುತ್ತೇವೆ, ಮನುಷ್ಯ ಇರುತ್ತಾನೆ. "ಅಪ್ಪನ್ನ ಕೆಳಗ ಇಟ್ಟೀವಿ" ಎಂಬ ಮಾತು ಮನೆಯಲ್ಲಿ ಬಂದರೆ, ತಂದೆಯನ್ನು ಚೀಲದ ಸಾಲಿಗೆ ಸೇರಿಸಿದಂತಾಯಿತು.

ಬೇಸಿಗೆಯಲ್ಲಿ ಕೆಳಗೆ ತಂಪು, ಹಿರಿಯರೇ ಬಯಸುತ್ತಾರೆ ಎಂಬುದೂ ಸುಳ್ಳಲ್ಲ. ಸೊಲ್ಲಾಪುರದ ಬಿಸಿಲು 40 ಡಿಗ್ರಿ ದಾಟಿದಾಗ ಆ ತಂಪು ಸುಖವೇ. ಅವರು ತಾವಾಗಿ ಬಯಸಿದರೆ ಅದು ಅವರ ಇಚ್ಛೆ. ಆದರೆ ಹಗಲಿನ ತಂಪು ಬೇರೆ, ರಾತ್ರಿ ಬಚ್ಚಲಿಗೆ ಹೋಗಲು ಮೊಣಕಾಲು ನೋವಿನಲ್ಲಿ ಮೆಟ್ಟಿಲು ಹತ್ತುವುದು ಬೇರೆ. ಕೂಗಿದರೆ ಮೇಲಿನವರಿಗೆ ಕೇಳುವುದೇ ಎಂಬುದನ್ನೂ ನೋಡಬೇಕು. ಹಿರಿಯರು ಎಷ್ಟೋ ಸಲ ಮಕ್ಕಳಿಗೆ ತೊಂದರೆಯಾಗದಿರಲೆಂದು "ನನಗ ಇಲ್ಲೇ ಚಲೋ ಐತಿ" ಎನ್ನುತ್ತಾರೆ. ಆ ಮಾತನ್ನು ನಂಬುವುದು ನಮಗೆ ಅನುಕೂಲ. ಅನುಕೂಲವಾದ ಮಾತನ್ನು ಇನ್ನೊಮ್ಮೆ ಕೇಳಿ ನೋಡುವುದು ಧರ್ಮ.

ಅಡತಿ ವ್ಯಾಪಾರಸ್ಥರಿಗೆ ಒಂದು ಮಾತು. ಕಾಳಿಗೆ ಹುಳ ಬೀಳದಂತೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯಿಂದ ವಿಷದ ಗಾಳಿ ಏಳುತ್ತದೆ. ಅದು ಸಾಮಾನ್ಯ ಗಾಳಿಗಿಂತ ತುಸು ಭಾರ, ತಗ್ಗಿನಲ್ಲಿ ನಿಲ್ಲಬಲ್ಲದು. ಅಂಥ ಗೋದಾಮಿನಲ್ಲಾಗಲಿ, ಅದಕ್ಕೆ ಹತ್ತಿದ ಕೋಣೆಯಲ್ಲಾಗಲಿ ಹಮಾಲನನ್ನು ಮಲಗಿಸಬಾರದು. ಮಾಲು ಕಾಯಲಿ ಎಂದು ಅವನ ಜೀವವನ್ನು ಒತ್ತೆಯಿಡುವ ಹಕ್ಕು ನಮಗಿಲ್ಲ. ಹಗಲೆಲ್ಲ ಕಾಯಕ ಮಾಡಿದವನಿಗೆ ರಾತ್ರಿ ಒಳ್ಳೆಯ ಗಾಳಿಯಲ್ಲಿ ನಿದ್ದೆ ದೊರೆಯಬೇಡವೇ?

ಯಾವ ಮನೆಯಲ್ಲಿ ಈ ಕೆಲಸ ನಡೆದರೂ ಯಜಮಾನರು ಒಂದು ಕ್ರಮ ಇಟ್ಟುಕೊಳ್ಳಲಿ. ಕೆಲಸ ಮುಗಿದ ಮೇಲೆ ಮಳೆಗಾಲದಲ್ಲಿ ಎಂಟು ದಿನ ತಾವೇ ಅಲ್ಲಿ ಮಲಗಲಿ. ಬೆಳಿಗ್ಗೆ ತಲೆ ಭಾರವಾಗದೆ, ಹಾಸಿಗೆ ಹಸಿಯಾಗದೆ ಎದ್ದರೆ ಆ ಕೋಣೆಯನ್ನು ಬೇರೆಯವರಿಗೆ ಕೊಡಬಹುದು. ಇಲ್ಲವಾದರೆ ಅದು ಇನ್ನೂ ಉಗ್ರಾಣವೇ. ಅಲ್ಲಿ ಚೀಲಗಳೇ ಇರಲಿ.