ಹಿಂದಿನ ಎರಡು ಸೀಟು

ಕಾರು ಕೊಳ್ಳುವ ವಿಷಯವನ್ನು ತಾತ್ತ್ವಿಕ ಪ್ರಶ್ನೆಯೆಂದು ಕರೆದರೆ ವಾಚಕರು ನಕ್ಕಾರು. ಎರಡು ತಿಂಗಳ ಹಿಂದೆ ನಾವೂ ನಗುತ್ತಿದ್ದೆವು. ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ಇಪ್ಪತ್ತೆರಡು ವರ್ಷ ಸವೆಸಿದ ನಮಗೆ ಕಾರೆಂದರೆ ಕಂತು, ಪೆಟ್ರೋಲು, ನಿಲ್ಲಿಸುವ ಜಾಗ, ಇಷ್ಟೇ. ಆದರೆ ನಮ್ಮ ಹಳೆಯ ಸಣ್ಣ ಕಾರು ಕೊನೆಯುಸಿರೆಳೆಯುವ ಹಂತಕ್ಕೆ ಬಂದು, ಪವಾಯಿಯ ನಮ್ಮ ಮನೆಯಲ್ಲಿ ಹೊಸದರ ಮಾತು ಶುರುವಾದಾಗ, ಆ ಮಾತು ಬಹುಬೇಗನೆ ಕಾರನ್ನು ಬಿಟ್ಟು ಬೇರೆಲ್ಲಿಗೋ ಹೋಯಿತು.

ನಮ್ಮ ಕೈಗೆ ಎಟಕುವಂತೆ ಕಂಡವು ಎರಡು. ಎರಡೂ ಫ್ರಾನ್ಸಿನ ಸಿಟ್ರೊಯೆನ್ ಕಂಪನಿ ತಮಿಳುನಾಡಿನ ತಿರುವಳ್ಳೂರಿನಲ್ಲಿ ತಯಾರಿಸುವವು. ಒಂದು, 2023ರಲ್ಲಿ ಬಂದ ಸಿ-ಥ್ರೀ ಏರ್‌ಕ್ರಾಸ್. ಅದರಲ್ಲಿ ಏಳು ಜನ ಕೂರಬಹುದು. ಇನ್ನೊಂದು, ಅದೇ ಅಡಿಗಟ್ಟಿನ ಮೇಲೆ 2024ರಲ್ಲಿ ಬಂದ ಬಸಾಲ್ಟ್. ಅದರ ಮಾಡು ಹಿಂದಕ್ಕೆ ಇಳಿಜಾರಾಗಿ ಸಾಗುತ್ತದೆ, ಸೀಟು ಐದೇ. ಈ ರೂಪಕ್ಕೆ ಕೂಪೆ ಎನ್ನುತ್ತಾರೆ. ಉದ್ದ ಎರಡರದೂ 4.3 ಮೀಟರಿನ ಆಸುಪಾಸು. ಐದು ಸೀಟಿನದೇ ಒಂದಂಗುಲ ಹೆಚ್ಚು. ರಸ್ತೆಯಲ್ಲಿ ಹಿಡಿಯುವ ಜಾಗ ಸಮ, ಕೂರುವವರು ಮಾತ್ರ ಇಬ್ಬರು ಕಡಿಮೆ ಎಂದಾಯಿತು.

ಮಗಳು ಬಸಾಲ್ಟ್ ಪಕ್ಷ. ಇಳಿಜಾರು ಮಾಡಿಗೆ ಗಾಳಿಯ ತಡೆ ಕಡಿಮೆಯೆಂದು ನಮ್ಮ ಬಿ.ಎಸ್ಸಿ.ಗೇ ಪಾಠ ಹೇಳಿದಳು. ಮಾತು ಸುಳ್ಳಲ್ಲ. ಆದರೆ ಗಾಳಿಯ ತಡೆ ಏರುವುದು ವೇಗದ ವರ್ಗಕ್ಕೆ ಅನುಗುಣವಾಗಿ. ಗಂಟೆಗೆ 80 ಕಿ.ಮೀ. ವೇಗದಲ್ಲಿರುವ ತಡೆ, 20 ಕಿ.ಮೀ.ಗೆ ಇಳಿದಾಗ ಹದಿನಾರರಲ್ಲಿ ಒಂದು ಪಾಲು. ಸಂಜೆ ಏಳರ ಹೊತ್ತಿಗೆ ಜೋಗೇಶ್ವರಿ–ವಿಕ್ರೋಲಿ ಲಿಂಕ್ ರಸ್ತೆಯಲ್ಲಿ ಇಪ್ಪತ್ತು ಸಿಕ್ಕರೆ ನಮ್ಮ ಪುಣ್ಯ. ಅಲ್ಲಿ ನಮ್ಮನ್ನು ತಡೆಯುವ ಕೆಲಸ ಗಾಳಿಗೆ ಉಳಿದಿರುವುದಿಲ್ಲ. "ಆಯ್ತು ಅಪ್ಪ, ಚೆಂದ ಅಂತ ಒಂದಿದೆಯಲ್ಲ?" ಎಂದಳು. ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಚೆಂದದ್ದನ್ನು ಬಯಸುವುದು ತಪ್ಪೆಂದು ಹೇಳುವವರ ಪೈಕಿ ನಾವಲ್ಲ. (ಪವಾಯಿಯ ಗುಡ್ಡಗಳೂ ಬಸಾಲ್ಟ್ ಶಿಲೆಯವೇ. ಮಗಳಿಗೆ ಹೇಳಿದೆವು, ಆಕೆಗೆ ಅದರಲ್ಲಿ ಸ್ವಾರಸ್ಯ ಕಾಣಲಿಲ್ಲ.)

ಕೂಪೆ ಎಂಬ ಮಾತು ರೈಲಿನಿಂದ ನಮಗೆ ಗೊತ್ತು. ಮೊದಲ ದರ್ಜೆಯಲ್ಲಿ ಇಬ್ಬರೇ ಮಲಗುವ ಪುಟ್ಟ ಕೋಣೆ ಅದು. ಫ್ರೆಂಚಿನಲ್ಲಿ ಆ ಪದಕ್ಕೆ 'ಕತ್ತರಿಸಿದ್ದು' ಎಂದು ಅರ್ಥ. ಕುದುರೆ ಗಾಡಿಗಳ ಕಾಲದಲ್ಲಿ ಎದುರುಬದುರು ಆಸನಗಳಿದ್ದ ಸಾರೋಟಿನಿಂದ ಒಂದು ಸಾಲನ್ನು ಕತ್ತರಿಸಿ ತೆಗೆದು ಮಾಡಿದ ಸಣ್ಣ ಗಾಡಿಗೆ ಆ ಹೆಸರು ಬಂತು. ಇದನ್ನು ಓದಿದಂದು ರಾತ್ರಿ ನಮಗೆ ಕಳೆದ ವರ್ಷದ ಒಂದು ಸಂಗತಿ ನೆನಪಾಗಿ ನಿದ್ದೆ ಹತ್ತಲಿಲ್ಲ.

ಡೊಂಬಿವಲಿಯಲ್ಲಿ ನಂಟರ ಮದುವೆ. ಕುಂದಾಪುರದಿಂದ ಮತ್ಸ್ಯಗಂಧಾದಲ್ಲಿ ನಮ್ಮ ತಾಯಿಯವರು ಬಂದಿದ್ದರು. ಅತ್ತೆಯವರೂ ನಮ್ಮಲ್ಲೇ ಇದ್ದರು. ನಾವಿಬ್ಬರು, ಮಕ್ಕಳಿಬ್ಬರು, ಅಜ್ಜಿಯಂದಿರಿಬ್ಬರು. ಕಾರಿನಲ್ಲಿ ಸೀಟು ಐದು. ಎಲ್ಲರೂ ಸೀರೆ ಪಂಚೆ ಉಟ್ಟು ಸಿದ್ಧರಾದ ಮೇಲೆ ಅತ್ತೆಯವರು, "ನನಗೆ ಯಾಕೋ ಮಂಡಿನೋವು, ನೀವು ಹೋಗಿ ಬನ್ನಿ" ಎಂದರು. ಲಿಫ್ಟು ಕೆಟ್ಟಿತ್ತೆಂದು ಅದೇ ಬೆಳಿಗ್ಗೆ ನಾಲ್ಕು ಮಹಡಿ ಇಳಿದು ಹತ್ತಿ ಹಾಲು ತಂದಿದ್ದ ಮಂಡಿ ಅದು. ನಾವು ನಂಬಿದಂತೆ ನಟಿಸಿ, ವಿಶ್ರಾಂತಿ ತೆಗೆದುಕೊಳ್ಳಿರೆಂದು ಹೇಳಿ ಹೊರಟೆವು. ಇನ್ನೊಂದು ಟ್ಯಾಕ್ಸಿ ಕರೆಯಬಹುದಿತ್ತು. ಕರೆಯಲಿಲ್ಲ.

ನಾವು ಅವರಿಗೆ 'ಬೇಡ' ಎನ್ನಲಿಲ್ಲ, ನಿಜ. ನಮ್ಮ ಪರವಾಗಿ ಕಾರು ಹೇಳಿತು. ಹೀಗೆ ವಸ್ತುವೊಂದು ಆಡಿದ 'ಇಲ್ಲ'ದ ಹೊಣೆ ಯಾರದು? ಕಚೇರಿಯಲ್ಲಿ ನಾವು ದಿನಕ್ಕೆ ಹತ್ತು ಸಲ 'ನಿಯಮದಲ್ಲಿ ಅವಕಾಶವಿಲ್ಲ' ಎಂದು ಟಿಪ್ಪಣಿ ಬರೆಯುತ್ತೇವೆ. ಮನಸ್ಸಿಗೆ ಅದು ಬಹಳ ಹಗುರ. ಆದರೆ ಆ ನಿಯಮ ನಾವು ಮಾಡಿದ್ದಲ್ಲ. ಕಾರಿನ ಸೀಟಿನ ಲೆಕ್ಕ ನಾವೇ ಆರಿಸಿಕೊಂಡದ್ದು. ವರ್ಷಕ್ಕೆ ನಾಲ್ಕು ಸಲ ಬೇಕಾಗುವ ಸೀಟಿಗಾಗಿ ಇಷ್ಟು ಹಣವೇಕೆ, ಟ್ಯಾಕ್ಸಿ ಅಗ್ಗವಲ್ಲವೇ ಎಂದರೆ, ಅಗ್ಗವೇ. ಟ್ಯಾಕ್ಸಿಗೆ ಯಾರನ್ನು ಹತ್ತಿಸುವುದು ಎಂಬಲ್ಲಿ ಮಾತ್ರ ಮತ್ತೆ ಯಾರಿಗೋ ಮಂಡಿನೋವು ಬರುತ್ತದೆ.

ಇಷ್ಟನ್ನು ಸ್ವಲ್ಪ ಹೆಮ್ಮೆಯಿಂದಲೇ ನಮ್ಮಾಕೆಯ ಮುಂದೆ ಬಿಚ್ಚಿಟ್ಟೆವು. ಜೊತೆಗೆ ತಂದೆಯವರ ಕಾಲವನ್ನೂ ಎಳೆದು ತಂದೆವು. ಊರಿನ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದುತ್ತಿದ್ದ ಆ ದಿನಗಳಲ್ಲಿ ಘಾಟ್ಕೋಪರಿನ ನಮ್ಮ ಒಂದು ಖೋಲಿಯಲ್ಲಿ ಹನ್ನೊಂದು ಜನ ಮಲಗಿದ್ದುಂಟು. ತಂದೆಯವರು ಬಂದವರಿಗೆ ಜಾಗವಿಲ್ಲ ಎಂದವರಲ್ಲ.

ಆಕೆ ಸೊಪ್ಪು ಬಿಡಿಸುತ್ತಿದ್ದಳು. ತಲೆಯೆತ್ತದೆ, "ಮಾವನವರ ಮನಸ್ಸು ದೊಡ್ಡದು, ಒಪ್ಪಿದೆ. ಆ ಹನ್ನೊಂದು ಜನರಿಗೆ ಅನ್ನ ಬೇಯಿಸಿದವರು ಯಾರು? ಅತ್ತೆಯವರು ಒಲೆ ಬುಡದಲ್ಲಿ ತಲೆಯಿಟ್ಟು ಮಲಗುತ್ತಿದ್ದರಂತೆ, ಅವರೇ ಹೇಳಿದ್ದಾರೆ" ಎಂದಳು. ಸ್ವಲ್ಪ ತಡೆದು, "ನೀವು ಏಳು ಸೀಟಿನದು ತನ್ನಿ. ಹಿಂದೆ ಮುದುಡಿ ಕೂರುವವಳು ನಾನೇ ಅಂತ ನನಗೆ ಗೊತ್ತು" ಎಂದಳು.

ನಮ್ಮ ತತ್ತ್ವಕ್ಕೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಬರಲಾರದು. ಅಜ್ಜಿಯಂದಿರನ್ನು ಹಿಂದಕ್ಕೆ ಕಳಿಸುವಂತಿಲ್ಲ. ಮಗಳಿಗೆ ಕಾರಿನಲ್ಲಿ ವಾಂತಿ. ಮಗ ಒಬ್ಬ ಕೂತಾನು, ಇನ್ನೊಬ್ಬರು ಬೇಕು. ಹಾಗಾದರೆ ನಾವು ಉದಾರಿಗಳಾಗುವುದು ಯಾರ ಮೊಣಕಾಲಿನ ಖರ್ಚಿನಲ್ಲಿ?

ಮುಂದಿನ ಶನಿವಾರ ಷೋರೂಮಿಗೆ ಹೋಗಿ ಆ ಮೂರನೆಯ ಸಾಲಿಗೆ ನಾವೇ ತೂರಿಕೊಂಡೆವು. ಮೊಣಕಾಲು ಎದೆಯ ಹತ್ತಿರ ಬಂತು. ಹತ್ತು ನಿಮಿಷ ಹಾಗೇ ಕೂತೆವು. ಮಾರುವ ಹುಡುಗ ಗಾಬರಿಯಾಗಿ ಎರಡು ಸಲ ನೀರು ಬೇಕೇ ಎಂದು ಕೇಳಿದ. ಬೇಡದಾಗ ಆ ಎರಡು ಸೀಟುಗಳನ್ನು ಕಳಚಿ ಮನೆಯಲ್ಲಿಡಬಹುದು ಎಂದೂ ಹೇಳಿದ. ಮುಂಬಯಿಯ ಮನೆಯಲ್ಲಿ ಎಲ್ಲಿಡುವುದೆಂದು ಹೇಳಲಿಲ್ಲ.

ಡೊಂಬಿವಲಿಯವರೆಗೆ ಹೀಗೆ ಕೂರುವುದು ಸುಖವಲ್ಲ, ಆದರೆ ಆಗದ ಮಾತೂ ಅಲ್ಲ. ಹೊರಬಂದು ನಮ್ಮಾಕೆಗೆ, "ಹಿಂದೆ ನಾವೇ ಕೂರುತ್ತೇವೆ" ಎಂದೆವು. "ಮತ್ತೆ ಓಡಿಸುವವರು?" ಎಂದಳು. ಆಕೆಗೂ ಲೈಸೆನ್ಸಿದೆ, ಹನ್ನೆರಡು ವರ್ಷದಿಂದ ಕಪಾಟಿನಲ್ಲಿ ಮಲಗಿದೆ.

ಏಳು ಸೀಟಿನದಕ್ಕೆ ಮುಂಗಡ ಕೊಟ್ಟೆವು. ಮಗಳು ಎರಡು ದಿನ ನಮ್ಮೊಡನೆ ಮಾತು ಬಿಟ್ಟಿದ್ದಳು. ನಮ್ಮಾಕೆ ಈಗ ಭಾನುವಾರ ಮುಂಜಾನೆ, ವಾಹನ ಸಂಚಾರ ಹೆಚ್ಚುವ ಮುನ್ನ, ಹಳೆಯ ಕಾರನ್ನು ಪವಾಯಿ ಕೆರೆಯ ಪಕ್ಕದ ರಸ್ತೆಯಲ್ಲಿ ಓಡಿಸಿ ಅಭ್ಯಾಸ ಮಾಡುತ್ತಿದ್ದಾಳೆ. ನಾವು ಪಕ್ಕದಲ್ಲಿ ಕೂತು ಬಾಯಿ ಮುಚ್ಚಿಕೊಂಡಿರಬೇಕೆಂಬುದು ಕರಾರು.