‘ಇಲ್ಲ’ವೆಂಬ ಉತ್ತರವೂ ಉತ್ತರವಿಲ್ಲದಿರುವುದೂ

‘ಇಲ್ಲ’ವೆಂಬ ಉತ್ತರ ಬರುವುದು ಬೇರೆ, ಉತ್ತರವೇ ಬಾರದಿರುವುದು ಬೇರೆ. ಕುಮಾರಿಲಭಟ್ಟರ ಪಂಥದ ಮೀಮಾಂಸಕರು ಅನುಪಲಬ್ಧಿಯನ್ನು, ಎಂದರೆ ಕಾಣದಿರುವಿಕೆಯನ್ನು, ಒಂದು ಪ್ರಮಾಣವೆಂದು ಅಂಗೀಕರಿಸಿದರಷ್ಟೆ; ಆದರೆ ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವು ಕಾಣದಾದಾಗ ಮಾತ್ರ. ಕತ್ತಲೆಯ ಕೋಣೆಯಲ್ಲಿ ಕೊಡ ಕಾಣದಿದ್ದರೆ ಕೊಡವಿಲ್ಲವೆಂದು ಸಿದ್ಧವಾಗದು.

ಗಣಕಯಂತ್ರಕ್ಕೆ ಆಜ್ಞೆಗಳನ್ನು ಬರೆಯುವವರಿಗೆ ಈ ಭೇದವು ಇಂದು ನಿತ್ಯದ ಗೊಡವೆಯಾಗಿದೆ. ಯೂನಿಕ್ಸ್ ವ್ಯವಸ್ಥೆಯಲ್ಲಿ ಷೆಲ್ ಎಂಬ ಆಜ್ಞಾಭಾಷೆಯುಂಟು. ಸ್ಟೀಫನ್ ಬೋರ್ನರು ರಚಿಸಿ ಅಮೆರಿಕದ ಬೆಲ್ ಪ್ರಯೋಗಾಲಯದಿಂದ 1979ರಲ್ಲಿ ಹೊರಬಂದ ಷೆಲ್ಲಿನ ಪದ್ಧತಿಯೇ ಈಗಲೂ ರೂಢಿಯಲ್ಲಿದೆ. ಅದರ ‘ಇಫ್’ ಎಂಬ ಮಾತು ಸತ್ಯಾಸತ್ಯವನ್ನು ಕೇಳುವುದೇ ಇಲ್ಲ. ‘ಹೇಳಿದ ಕೆಲಸ ನೆರವೇರಿತೆ?’ ಎಂದಷ್ಟೇ ಕೇಳುತ್ತದೆ. ಸೊನ್ನೆ ಬಂದರೆ ನೆರವೇರಿತು, ಬೇರಾವ ಅಂಕಿ ಬಂದರೂ ಇಲ್ಲ. ಹೋಲಿಸಿ ನೋಡುವ ‘ಟೆಸ್ಟ್’ ಆಜ್ಞೆಯಾದರೋ ನಿಜಕ್ಕೆ ಸೊನ್ನೆಯನ್ನೂ, ಸುಳ್ಳಿಗೆ 1ನ್ನೂ, ಪ್ರಶ್ನೆಯೇ ಕೆಟ್ಟಿದ್ದರೆ 1ಕ್ಕಿಂತ ಹೆಚ್ಚಿನ ಅಂಕಿಯನ್ನೂ ಕೊಡುತ್ತದೆ. ಭಾಷೆಯು ಭೇದವನ್ನು ಉಳಿಸಿಯೇ ಕೊಟ್ಟಿದೆ. ಅದನ್ನು ಅಳಿಸಿಹಾಕುವವನು ಕೇಳುವವನು.

ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಸುವರ್ಣಮುಖಿಗೆ ಕಟ್ಟಿರುವ ಬೋರನಕಣಿವೆಯನ್ನೇ ತೆಗೆದುಕೊಳ್ಳೋಣ. ಅಲ್ಲಿಯ ನೀರಿನ ಮಟ್ಟವನ್ನು ಇಂತಹ ಆಜ್ಞಾಪತ್ರವೊಂದು ಗಂಟೆಗೊಮ್ಮೆ ನೋಡುತ್ತಿರುವುದೆಂದು ಭಾವಿಸಿರಿ. ‘ಮಟ್ಟವು ಕೋಡಿಯನ್ನು ಮುಟ್ಟಿತೆ? ಮುಟ್ಟಿದ್ದರೆ ಎಚ್ಚರಿಸು; ಇಲ್ಲವಾದರೆ ಕ್ಷೇಮವೆಂದು ಬರೆ’ ಎಂಬುದು ಅದರ ವಿಧಿ. ಒಂದು ಮಳೆಯ ರಾತ್ರಿ ಮಾಪಕದಿಂದ ಅಂಕಿಯೇ ಬಾರದೆ ಹೋಯಿತು. ಟೆಸ್ಟ್ ಆಜ್ಞೆಯು 2 ಎಂದು ಹೇಳಿ, ದೂರನ್ನೂ ಬರೆಯುತ್ತದೆ. ಇಫ್‌ಗೆ ಒಂದೂ ಎರಡೂ ಸಮಾನ. ದಫ್ತರದಲ್ಲಿ ‘ಕ್ಷೇಮ’ವೆಂದು ದಾಖಲಾಗುತ್ತದೆ! ದೂರಿನ ಸಾಲು ಯಾರೂ ಓದದ ಕಡತವನ್ನು ಸೇರುತ್ತದೆ.

ದೋಷವನ್ನು ಹುಡುಕುವುದು ಕಷ್ಟವಲ್ಲ. ಷೆಲ್ಲನ್ನು ‘ಎಕ್ಸ್’ ಗುರುತಿನೊಡನೆ ನಡೆಸಿದರೆ ಪ್ರತಿಯೊಂದು ಆಜ್ಞೆಯೂ ಬೆಲೆಗಳು ತುಂಬಿದ ರೂಪದಲ್ಲಿ ಕಣ್ಣೆದುರು ಬರುತ್ತದೆ. ಮಟ್ಟವಿರಬೇಕಾದ ಎಡೆ ಬರಿದಾಗಿರುವುದು ತೋರುತ್ತದೆ. ಹೆಸರನ್ನು ಉದ್ಧರಣಚಿಹ್ನೆಯೊಳಗಿಟ್ಟರೆ ಸಾಕೆಂದು ಬಲ್ಲವರು ಹೇಳುವುದುಂಟು. ಅಕ್ಷರಗಳನ್ನು ಹೋಲಿಸುವಲ್ಲಿ ಅದು ಸಾಕು. ಸಂಖ್ಯೆಗಳಲ್ಲಿ ಸಾಲದು, ಬರಿದಾದುದು ಸಂಖ್ಯೆಯಲ್ಲವಷ್ಟೆ. ಮೊದಲು ‘ಅಂಕಿ ಬಂದಿದೆಯೆ?’ ಎಂದೇ ಕೇಳಬೇಕು. ವಿನೋದವೆಂದರೆ, ಅದನ್ನು ಕೇಳುವ ‘ಎನ್’ ಪರೀಕ್ಷೆಯನ್ನು ಆ ಚಿಹ್ನೆಯಿಲ್ಲದೆ ಬರೆದರೆ ಬರಿದಾದುದಕ್ಕೂ ‘ಇದೆ’ ಎಂದೇ ಉತ್ತರ ಬರುತ್ತದೆ.

ಯಂತ್ರಕ್ಕೆ ಪಾಪಪುಣ್ಯಗಳುಂಟೆ ಎಂದು ವಾಚಕರು ಕೇಳಬಹುದು. ಇಲ್ಲ. ಆದರೆ ‘ಇಲ್ಲವಾದರೆ’ ಎಂಬ ಕವಲಿನಲ್ಲಿ ‘ಕ್ಷೇಮ’ವೆಂದು ಬರೆದವನು ಮನುಷ್ಯನು. ತಿಳಿಯದುದನ್ನೆಲ್ಲ ತನಗೆ ನಿದ್ದೆ ಕೊಡುವ ಕವಲಿಗೆ ಅವನು ನೂಕಿದನು. ಇದನ್ನು ಅಜಾಗರೂಕತೆಯೆಂದು ಬಿಡಲು ನನಗೆ ಮನಸ್ಸೊಪ್ಪದು. ಇದೊಂದು ಬಗೆಯ ಪಕ್ಷಪಾತ. ಮುಟ್ಟಿತು, ಮುಟ್ಟಲಿಲ್ಲ, ತಿಳಿಯದು ಎಂಬ ಮೂರು ಕವಲುಗಳನ್ನು ಇಡಬೇಕಾಗಿತ್ತು. ಮೂರನೆಯದರಲ್ಲಿ ಒಬ್ಬ ಮನುಷ್ಯನನ್ನು ಎಬ್ಬಿಸಬೇಕಾಗಿತ್ತು.

ಹಾಗೆ ರಾತ್ರಿಯೆಲ್ಲ ಎಬ್ಬಿಸಿದರೆ ಆತನು ದೂರವಾಣಿಯ ಬಾಯಿ ಮುಚ್ಚಿ ಮಲಗುವನೆಂಬ ಆಕ್ಷೇಪವು ಹುರುಳುಳ್ಳದ್ದೇ. ಎಷ್ಟು ವ್ಯರ್ಥವಾದ ಕರೆಗಳನ್ನು ಸಹಿಸಬೇಕೆಂಬುದನ್ನು ಷೆಲ್ ನಿರ್ಣಯಿಸಲಾರದು. ಅದನ್ನು ಕಟ್ಟೆಯ ಕೆಳಗಣ ಊರುಗಳವರೊಡನೆ ಕುಳಿತು ಮಾತನಾಡಬೇಕು.